ಬೆಂದ ಗೆಡ್ಡೆಯ ಒಳಗುಟ್ಟು

ಬೀಟ್‌ರೂಟ್‌ನ ಎರಡು ಚೂರುಗಳನ್ನು ಚೆನ್ನಾಗಿ ತೊಳೆದು, ಒಂದನ್ನು ತಣ್ಣೀರಿಗೂ ಇನ್ನೊಂದನ್ನು ಹಿರಿಯರ ನೆರವಿನಿಂದ ಬಿಸಿನೀರಿಗೂ ಹಾಕಿ. ಬಿಸಿನೀರು ಬೇಗನೆ ಕೆಂಪಾಗುತ್ತದೆ. ಏಕೆ ಗೊತ್ತೇ?

ಸಸ್ಯದ ಜೀವಕೋಶದೊಳಗೆ ರಸದಾನಿ ಎಂಬ ಚೀಲವಿದೆ. ಬಣ್ಣವೂ ಬಹುಪಾಲು ನೀರೂ ಇರುವುದು ಅದರಲ್ಲೇ. ಉಷ್ಣತೆ ಸುಮಾರು 60 ಡಿಗ್ರಿ ಸೆಲ್ಸಿಯಸ್ ಮುಟ್ಟುವ ಹೊತ್ತಿಗೆ ಚೀಲದ ಪೊರೆ ಹಾಳಾಗಿ ರಸ ಸೋರುತ್ತದೆ.

ಆದರೆ ಆಲೂಗೆಡ್ಡೆಯ ನೀರಿಗೆ ಬಣ್ಣವಿಲ್ಲ. ಕತ್ತರಿಸಿ ನೋಡೋಣವೆಂದರೆ ಚಾಕುವೇ ಕೋಶಗಳನ್ನು ಒಡೆಯುತ್ತದೆ. ಬಿಸಿಯ ಗಾಯ ಯಾವುದು, ಚಾಕುವಿನ ಗಾಯ ಯಾವುದು?

ಇಲ್ಲಿ ನೆರವಾಗುವುದು ಕಾಂತೀಯ ಅನುರಣನ. 1946ರಲ್ಲಿ ಬ್ಲಾಕ್ ಮತ್ತು ಪರ್ಸೆಲ್ ಅವರ ತಂಡಗಳು ಬೇರೆಬೇರೆಯಾಗಿ ತೋರಿಸಿಕೊಟ್ಟ ವಿದ್ಯಮಾನವಿದು, ಆಸ್ಪತ್ರೆಯ ಎಂ.ಆರ್.ಐ. ಯಂತ್ರಕ್ಕೂ ಇದೇ ಆಧಾರ. ಗೆಡ್ಡೆಯನ್ನು ಬಲವಾದ ಅಯಸ್ಕಾಂತದೊಳಗಿಟ್ಟು ರೇಡಿಯೊ ತರಂಗ ಹಾಯಿಸಿದರೆ, ನೀರಿನಲ್ಲಿರುವ ಹೈಡ್ರೋಜನ್ನಿನ ಪರಮಾಣುಬೀಜಗಳು ಮರುದನಿ ಕೊಡುತ್ತವೆ. ರಸದಾನಿಯಲ್ಲಿ ಸರಾಗವಾಗಿ ಚಲಿಸುವ ನೀರಿನ ದನಿ ಹೆಚ್ಚು ಹೊತ್ತು ನಿಲ್ಲುತ್ತದೆ. ಪಿಷ್ಟಕ್ಕೆ, ಕೋಶಭಿತ್ತಿಗೆ ಅಂಟಿಕೊಂಡ ನೀರಿನದು ಬೇಗ ಅಡಗುತ್ತದೆ. ಪೊರೆ ಹರಿದು ಎರಡೂ ಬೆರೆತರೆ ದನಿಯ ರೀತಿಯೇ ಬದಲಾಗುತ್ತದೆ.

ಹೀಗೆ, ಗೆಡ್ಡೆ ಇಡಿಯಾಗಿರುವಾಗಲೇ ಬಿಸಿಯ ಪೆಟ್ಟು ಎಷ್ಟು ಆಳಕ್ಕೆ ಇಳಿದಿದೆಯೆಂದು ತಿಳಿಯಬಹುದು. ಸಿಪ್ಪೆ ನೋಡಿ ಒಳಗನ್ನು ಊಹಿಸುವ ಕಷ್ಟ ತಪ್ಪಿತಲ್ಲವೇ?