ಉಬ್ಬಸವೂ ಮಿದುಳೂ

ಉಬ್ಬಸವುಳ್ಳವರಿಗೆ ಮನೆಯಲ್ಲಿ ಮನಸ್ತಾಪವಾದ ದಿನವೇ ದಮ್ಮು ಏಕೆ ಹೆಚ್ಚುತ್ತದೆ? ಈ ಪ್ರಶ್ನೆಗೆ ಅನೇಕ ಮನೆಗಳಲ್ಲಿ ಉತ್ತರವು ಸಿದ್ಧವಾಗಿಯೇ ಇರುತ್ತದೆ: “ಅದೆಲ್ಲ ಮನಸ್ಸಿನದು, ಸೊಸೆಗೆ ಕೆಲಸ ಬೇಡವಾದಾಗ ಉಬ್ಬಸ ಬರುತ್ತದೆ.” ರೋಗಕ್ಕಿಂತ ಇಂತಹ ಮಾತಿನಿಂದಲೇ ಹೆಚ್ಚು ನೊಂದವರು ಎಷ್ಟು ಮಂದಿಯೋ! ಆದುದರಿಂದ ಈ ಸಂಚಿಕೆಯಲ್ಲಿ ಈ ವಿಷಯವನ್ನೇ ವಿಚಾರಮಾಡೋಣ.

ಉಬ್ಬಸವು ಶ್ವಾಸನಾಳಗಳ ರೋಗವೆಂಬುದು ಸರಿಯೇ. ನಾಳದ ಒಳಪೊರೆಯು ಊದಿಕೊಳ್ಳುತ್ತದೆ, ಕಫವು ಕಟ್ಟುತ್ತದೆ, ನಾಳವನ್ನು ಸುತ್ತಿಕೊಂಡಿರುವ ಸ್ನಾಯುವು ಬಿಗಿಯುತ್ತದೆ. ಆದರೆ ಆ ಸ್ನಾಯುವಿಗೆ ‘ಬಿಗಿ’ ಎಂದು ಅಪ್ಪಣೆಮಾಡುವವರಲ್ಲಿ ಮಿದುಳೂ ಒಂದು. ತಲೆಬುರುಡೆಯಿಂದ ಹೊರಡುವ ಹನ್ನೆರಡು ಜೊತೆ ನರಗಳಲ್ಲಿ ಹತ್ತನೆಯದಾದ ವೇಗಸ್ ನರವು ಕೊರಳಿನ ಮೂಲಕ ಇಳಿದು ಶ್ವಾಸಕೋಶಕ್ಕೆ ಬರುತ್ತದೆ. ಎದೆಯ ಸುದ್ದಿಯನ್ನು ಮೇಲಕ್ಕೆ ಒಯ್ಯುವುದೂ ಅದೇ, ಮೇಲಿನ ಅಪ್ಪಣೆಯನ್ನು ಕೆಳಕ್ಕೆ ತರುವುದೂ ಅದೇ.

ಇದರ ಒಂದು ಸಾಕ್ಷ್ಯವು ನಮ್ಮ ದಕ್ಷಿಣದೇಶದಿಂದಲೇ ಹೋಯಿತೆಂಬುದು ಸ್ವಾರಸ್ಯವಾದ ಸಂಗತಿ. ದತ್ತೂರಿಯ ಹೊಗೆಯನ್ನು ಸೇದಿದರೆ ಉಬ್ಬಸವು ಇಳಿಯುವುದೆಂಬುದನ್ನು ಮದರಾಸಿನ ಕಡೆ ಕಂಡಿದ್ದ ಜನರಲ್ ಜೆಂಟ್ ಎಂಬ ಸೇನಾಧಿಕಾರಿಯು 1802ರ ಸುಮಾರಿಗೆ ಆ ಚಿಕಿತ್ಸೆಯನ್ನು ಬ್ರಿಟನ್ನಿಗೆ ಒಯ್ದನು. ಅಲ್ಲಿ ನೂರು ವರ್ಷಕ್ಕೂ ಮಿಗಿಲಾಗಿ ರೋಗಿಗಳು ಆ ಜಾತಿಯ ಎಲೆಯ ಹೊಗೆಯನ್ನು ಸೇದುತ್ತಿದ್ದರು. ಅದು ಹೇಗೆ ಕೆಲಸಮಾಡುವುದೆಂಬುದು ಮಾತ್ರ ಬಹುಕಾಲದ ಮೇಲೆ ತಿಳಿಯಿತು. ವೇಗಸ್ ನರದ ತುದಿಯು ಅಸಿಟೈಲ್‌ಕೋಲಿನ್ ಎಂಬ ದ್ರವ್ಯವನ್ನು ಬಿಟ್ಟು ಸ್ನಾಯುವನ್ನು ಬಿಗಿಯುತ್ತದೆ. ದತ್ತೂರಿಯಲ್ಲಿರುವ ಅಟ್ರೋಪಿನ್ ಆ ದ್ರವ್ಯಕ್ಕೆ ಅಡ್ಡನಿಲ್ಲುತ್ತದೆ. ಇಂದು ಸೇದುವ ಔಷಧಿಗಳಲ್ಲಿ ಒಂದಾದ ಇಪ್ರಟ್ರೋಪಿಯಮ್ ಇದೇ ಅಟ್ರೋಪಿನ್ನಿನ ಸಂತತಿ. ದತ್ತೂರಿಯು ಘೋರವಾದ ವಿಷ; ಇದನ್ನೋದಿ ಯಾರೂ ಹಿತ್ತಲಿಗೆ ಹೋಗಿ ಎಲೆ ಕೀಳತಕ್ಕದ್ದಲ್ಲ.

ಮನಸ್ಸಿನ ಪಾಲಿಗೆ ಬರೋಣ. ಗುಲಾಬಿಯ ಸಮೀಪದಲ್ಲಿ ಉಬ್ಬಸಪಡುತ್ತಿದ್ದ ಒಬ್ಬಾಕೆಯ ಮುಂದೆ ಅಮೆರಿಕದ ಬಾಲ್ಟಿಮೋರಿನ ವೈದ್ಯ ಜಾನ್ ಮೆಕೆಂಜೀ ಒಂದು ಕೃತಕ ಗುಲಾಬಿಯನ್ನು ಹಿಡಿದನು. ಹೂವಿನ ಒಂದು ಕಣವೂ ಇಲ್ಲದೆಯೇ ಆಕೆಯ ಮೂಗು ಕಟ್ಟಿತು, ಎದೆ ಬಿಗಿಯಿತು. 1886ರಲ್ಲಿ ಅವನು ಇದನ್ನು ಪ್ರಕಟಿಸಿದನು. ಆಕೆ ನಟಿಸಲಿಲ್ಲವೆಂಬುದನ್ನು ಗಮನಿಸಬೇಕು. ಕಣ್ಣು ಕಂಡುದನ್ನು ಮಿದುಳು ನಂಬಿತು, ದೇಹವು ಮಿದುಳನ್ನು ನಂಬಿತು.

2005ರಲ್ಲಿ ವಿಸ್ಕಾನ್ಸಿನ್ ವಿಶ್ವವಿದ್ಯಾನಿಲಯದ ಸಂಶೋಧಕರು ಸೌಮ್ಯವಾದ ಉಬ್ಬಸವುಳ್ಳ ಆರು ಮಂದಿಗೆ ಅವರಿಗೆ ಒಗ್ಗದ ವಸ್ತುವನ್ನು ಸೇದಿಸಿ, ಉಬ್ಬಸಕ್ಕೆ ಸಂಬಂಧಿಸಿದ ಮಾತುಗಳನ್ನು ತೋರಿಸಿ ಮಿದುಳಿನ ಚಿತ್ರಗಳನ್ನು ತೆಗೆದರು. ಭಾವನೆಗೂ ದೇಹದ ಒಳಸುದ್ದಿಗೂ ಸಂಬಂಧಪಟ್ಟ ಎರಡು ಭಾಗಗಳು ಆ ಮಾತುಗಳಿಗೆ ವಿಶೇಷವಾಗಿ ಎಚ್ಚರಗೊಂಡುವು. ಆ ಎಚ್ಚರವು ಶ್ವಾಸನಾಳದ ಊತದೊಡನೆ ಹೊಂದಿಕೊಂಡಿತ್ತು. ಆರು ಮಂದಿ ಬಹಳ ಕಡಮೆ ಎಂಬುದನ್ನು ಒಪ್ಪಲೇಬೇಕು. 2024ರಲ್ಲಿ ಕ್ಯಾಲಿಫೋರ್ನಿಯಾದ ಸ್ಯಾನ್ ಡಿಯೇಗೋ ನಗರದ ಸಂಶೋಧಕರು ಇಲಿಗಳಲ್ಲಿ ಇನ್ನೂ ಖಚಿತವಾದ ದಾರಿಯನ್ನು ಕಂಡರು. ಮನೆಧೂಳಿನ ನುಸಿಯ ಸತ್ವವನ್ನು ಮತ್ತೆಮತ್ತೆ ಸೇದಿಸಿದಾಗ ಮಿದುಳಿನ ಕಾಂಡದಲ್ಲಿರುವ ಕೆಲವು ನರಕೋಶಗಳು ಚುರುಕಾದುವು. ಆ ಕೋಶಗಳನ್ನು ಇಲ್ಲವಾಗಿಸಿದ ಇಲಿಗಳ ಶ್ವಾಸನಾಳಗಳು ಅಷ್ಟಾಗಿ ಬಿಗಿಯಲಿಲ್ಲ. ಇದರಿಂದ ಮನುಷ್ಯರಿಗೆ ಔಷಧಿಯು ಇನ್ನೂ ಹುಟ್ಟಿಲ್ಲ.

ಈಗ ಎಲ್ಲಕ್ಕಿಂತ ಮುಖ್ಯವಾದ ಮಾತು. ‘ಹೆಚ್ಚು ಒದ್ದಾಡುವವನಿಗೆ ಹೆಚ್ಚು ರೋಗ, ಸುಮ್ಮನಿರುವವನಿಗೆ ಕಡಮೆ’ ಎಂದು ನಾವೆಲ್ಲರೂ ಎಣಿಸುತ್ತೇವಷ್ಟೆ? 1994ರಲ್ಲಿ ಜಪಾನಿನ ವೈದ್ಯರು, ಉಬ್ಬಸದಿಂದ ಸಾವಿನ ಬಾಗಿಲಿಗೆ ಹೋಗಿ ಬಂದಿದ್ದ 11 ಮಂದಿಯನ್ನು ಪರೀಕ್ಷಿಸಿದರು. ಇತರರಿಗಿಂತ ಅವರಿಗೆ ಉಸಿರು ಕಟ್ಟಿದ ಅರಿವು ಮಂದವಾಗಿತ್ತು. ಪ್ರಾಣವಾಯು ಕಡಮೆಯಾದರೂ ಅವರ ಉಸಿರಾಟವು ತಕ್ಕಷ್ಟು ಹೆಚ್ಚುತ್ತಿರಲಿಲ್ಲ. ಎದೆಯಲ್ಲಿ ಬೆಂಕಿ ಬಿದ್ದಿದ್ದರೂ ಅವರಲ್ಲಿ ಗಂಟೆ ಬಾರಿಸುವವರಿಲ್ಲ. “ನನಗೇನೂ ಆಗಿಲ್ಲ” ಎಂದು ಮಲಗುವ ಯಜಮಾನರೂ ಇಂಥವರಾಗಿರಬಹುದು!

ಇವರಿಗಾಗಿಯೇ ಊದುವ ಅಳತೆಗೊಳವೆಯೊಂದಿದೆ. ಪೀಕ್ ಫ್ಲೋ ಮೀಟರ್ ಎನ್ನುತ್ತಾರೆ. ಇಂಗ್ಲೆಂಡಿನ ಮಾರ್ಟಿನ್ ರೈಟ್ 1959ರಲ್ಲಿ ಪ್ರಕಟಿಸಿದ ಯಂತ್ರವು ದೊಡ್ಡದಾಗಿತ್ತು. ಇಂದಿನದು ಕೈಚೀಲದಲ್ಲಿ ಹಿಡಿಯುತ್ತದೆ. ಆರೋಗ್ಯವಾಗಿರುವಾಗ ಊದಿ ಬಂದ ಅತ್ಯುತ್ತಮ ಅಂಕವನ್ನು ಪಂಚಾಂಗದ ಪಕ್ಕದಲ್ಲಿ ಗೋಡೆಗೆ ಬರೆದಿಡಿರಿ. ಅದರ ನೂರಕ್ಕೆ 80ಕ್ಕಿಂತ ಇಳಿದರೆ ವೈದ್ಯರು ಹೇಳಿಕೊಟ್ಟಂತೆ ಔಷಧಿಯನ್ನು ಸರಿಪಡಿಸಬೇಕು. ಅರ್ಧಕ್ಕಿಂತ ಇಳಿದರೆ, ಅಥವಾ ಒಂದು ವಾಕ್ಯವನ್ನು ಒಂದೇ ಉಸಿರಿನಲ್ಲಿ ಹೇಳಲಾಗದಿದ್ದರೆ, ಅಥವಾ ತುಟಿಯು ನೀಲಿಗಟ್ಟಿದರೆ, ಶೀಘ್ರಶಮನದ ಔಷಧಿಯನ್ನು ಸೇದಿಸುತ್ತಲೇ ಆಸ್ಪತ್ರೆಗೆ ಹೊರಡಬೇಕು. ರೋಗಿಯು ಬೇಡವೆಂದರೂ ಕೇಳಬಾರದು.