ಹಳೆಯ ಎಳೆಗೆ ಹೊಸ ಸೆರಗು

ಕಳೆದ ವರ್ಷ ಇಳಕಲ್ಲಿನ ನೇಕಾರರ ಮನೆಯ ವಿದ್ಯಾರ್ಥಿನಿಯೊಬ್ಬಳು ಲ್ಯಾಪ್‌ಟಾಪ್ ಹಿಡಿದು ನನ್ನಲ್ಲಿಗೆ ಬಂದಳು. ಬಾಗಲಕೋಟೆಯ ಕಾಲೇಜೊಂದರ ಪ್ರಯೋಗಾಲಯದಲ್ಲಿ ಸಲೀಸಾಗಿ ಓಡಿದ್ದ ಅವಳ ಸಿ ಪ್ರೋಗ್ರಾಮನ್ನು ಮನೆಯ ಗಣಕ ತಿರಸ್ಕರಿಸಿತ್ತು. ‘ಸರ್, ಪುಸ್ತಕದಾಗ ಹಿಂಗ ಐತ್ರಿ’ ಎಂದಳು. ತಪ್ಪು ಅವಳದಲ್ಲ. ಪ್ರಯೋಗಾಲಯದಲ್ಲಿದ್ದುದು 1990ರ ದಶಕದ ಕಂಪೈಲರ್; ಲ್ಯಾಪ್‌ಟಾಪ್‌ನಲ್ಲಿದ್ದುದು ಜಿಸಿಸಿಯ 14ನೆಯ ಆವೃತ್ತಿ.

ಮನುಷ್ಯ ಬರೆದ ಪ್ರೋಗ್ರಾಮನ್ನು ಯಂತ್ರಭಾಷೆಗೆ ಅನುವಾದಿಸುವ ತಂತ್ರಾಂಶವೇ ಕಂಪೈಲರ್. ರಿಚರ್ಡ್ ಸ್ಟಾಲ್‌ಮನ್ 1987ರಲ್ಲಿ ಹೊರತಂದ ಜಿಸಿಸಿ ಈಗ ವರ್ಷಕ್ಕೊಮ್ಮೆ ಹೊಸ ಆವೃತ್ತಿ ಕಾಣುತ್ತದೆ. ಮೊದಲೇ ಘೋಷಿಸದ ಫಂಕ್ಷನ್ ಬಳಸುವ ರೂಢಿಯನ್ನು ಸಿ ಭಾಷೆಯ 1999ರ ಮಾನಕವೇ ಕೈಬಿಟ್ಟಿತ್ತು. ಆದರೂ ಜಿಸಿಸಿ ಕಾಲು ಶತಮಾನ ಎಚ್ಚರಿಕೆಯನ್ನಷ್ಟೇ ನೀಡುತ್ತ ಬಂದು, 2024ರ ಮೇ ತಿಂಗಳ ಆವೃತ್ತಿಯಲ್ಲಿ ಅದನ್ನು ದೋಷವೆಂದು ಸಾರಿತು.

ಆ ಬಿಡುಗಡೆಯ ಹಿಂದಿನ ಸಿದ್ಧತೆ ಗಮನಾರ್ಹ. ಫೆಡೋರಾ ಲಿನಕ್ಸ್ ಬಳಗದವರು ತಮ್ಮ ಭಂಡಾರದ ತಂತ್ರಾಂಶಗಳನ್ನು ಮುಂಚಿತವಾಗಿಯೇ ಹೊಸ ನಿಯಮಕ್ಕೆ ಒಡ್ಡಿ, ಮುರಿದುಬೀಳುವಂಥವನ್ನು ಗುರುತಿಸಿ, ಮೂಲ ಕರ್ತೃಗಳಿಗೆ ತಿದ್ದುಪಡಿ ಕಳುಹಿಸಿದರು. ಜಿಸಿಸಿ ತಂಡ ವಲಸೆಯ ಕೈಪಿಡಿ ಪ್ರಕಟಿಸಿತು. ಪ್ರತಿ ಬಿಡುಗಡೆಗೆ ಮುನ್ನ ಅಲ್ಲಿ ಹೊಸತನ್ನು ಸೇರಿಸುವುದು ನಿಲ್ಲುತ್ತದೆ. ಹಿಂದೆ ಸರಿಯಿದ್ದು ಈಗ ಕೆಟ್ಟಿರುವುದನ್ನು ಸರಿಪಡಿಸುವುದಕ್ಕೇ ತಿಂಗಳುಗಳು ಮೀಸಲು. ಗಂಭೀರ ದೋಷಗಳ ಪಟ್ಟಿ ಬರಿದಾದ ಮೇಲಷ್ಟೇ ಪರೀಕ್ಷಾರ್ಥ ಪ್ರತಿ, ಆಮೇಲೆ ಅಂತಿಮ ಆವೃತ್ತಿ.

ಇಳಕಲ್ ಸೀರೆ ನೇಯುವವರಿಗೆ ಈ ಎಚ್ಚರ ಹೊಸದಲ್ಲ. ಒಡಲಿನ ಹಾಸಿನ ಎಳೆಗಳನ್ನು ಸೆರಗಿನ ರೇಷ್ಮೆಯ ಎಳೆಗಳಿಗೆ ಕುಣಿಕೆ ಹಾಕಿ ಜೋಡಿಸುತ್ತಾರೆ. ಆ ಜೋಡಣೆ ಸಡಿಲಾದರೆ ಎಷ್ಟು ಚೆಂದದ ಸೆರಗಾದರೂ ನಿಲ್ಲದು. ಕಂಪೈಲರ್ ತಂಡ ತನ್ನ ತುದಿಯ ಕುಣಿಕೆ ಹಾಕಿದೆ. ನಮ್ಮ ತುದಿಯನ್ನು ಹಿಡಿಯಬೇಕಾದ ನಾವು, ಅಧ್ಯಾಪಕರು ಮತ್ತು ಪಠ್ಯಕ್ರಮ ರೂಪಿಸುವವರು, ಕೈಕಟ್ಟಿ ಕುಳಿತಿದ್ದೇವೆ. ಅದೇ ಹಳೆಯ ಪಾಠವನ್ನು ವರ್ಷಗಟ್ಟಲೆ ಒಪ್ಪಿಸಿದ ನಾನೂ ಈ ತಪ್ಪಿನಲ್ಲಿ ಪಾಲುದಾರ.

‘ತರ್ಕ ಕಲಿತರೆ ಸಾಕು, ಆವೃತ್ತಿ ಯಾವುದಾದರೇನು?’ ಎಂಬ ವಾದವುಂಟು. ಬೆಂಗಳೂರಿನ ಹುಡುಗ ಉಳಿದದ್ದನ್ನು ಹೊರಗೆಲ್ಲೋ ಕಲಿತಾನು. ಬಾದಾಮಿ, ಹುನಗುಂದದ ಹಳ್ಳಿಗಳಿಂದ ಬಸ್ಸಿನಲ್ಲಿ ಬರುವವರಿಗೆ ಎಷ್ಟೋ ಸಲ ಪ್ರಯೋಗಾಲಯವೊಂದೇ ಗತಿ. ಅಲ್ಲಿ ಕಲಿತದ್ದು ಉದ್ಯೋಗದ ಸಂದರ್ಶನದಲ್ಲಿ ದೋಷವೆನಿಸಿದರೆ ಹೊಣೆ ಯಾರದು?

ಖರ್ಚಿನ ನೆಪವೂ ಇಲ್ಲ, ಜಿಸಿಸಿ ಉಚಿತ. ಪ್ರತಿ ಶೈಕ್ಷಣಿಕ ವರ್ಷಾರಂಭಕ್ಕೆ ಮುನ್ನ ಪ್ರಯೋಗ ಪುಸ್ತಿಕೆಯ ಒಂದೊಂದು ಪ್ರೋಗ್ರಾಮನ್ನೂ ಚಾಲ್ತಿಯಲ್ಲಿರುವ ಕಂಪೈಲರ್‌ನಲ್ಲಿ ಓಡಿಸಿ, ಕೆಟ್ಟದ್ದನ್ನು ತಿದ್ದಿ, ಬದಲಾದುದನ್ನು ಮೊದಲ ಪುಟದಲ್ಲಿ ನಮೂದಿಸಿದರಾಯಿತು. ಪಠ್ಯಪುಸ್ತಕಕ್ಕೂ ಬಿಡುಗಡೆಯ ಸಿದ್ಧತೆ ಬೇಕು.