ಹಿಮ ಸುರಿದಾಗ ಏರುವ ಬಾಡಿಗೆ: ಟೊರಾಂಟೊ ಆ್ಯಪ್ ಚಾಲಕರ ಚಳಿಗಾಲ

ಟೊರಾಂಟೊ ನಗರದ ಕಾನೂನಿನಂತೆ ಡಿಸೆಂಬರ್ 1ರಿಂದ ಏಪ್ರಿಲ್ 30ರವರೆಗೆ ಬಾಡಿಗೆಗೆ ಓಡುವ ಪ್ರತಿಯೊಂದು ಕಾರಿಗೂ ಹಿಮದ ಟೈರು ಅಥವಾ ‘ಆಲ್ ವೆದರ್’ ಟೈರು ಇರಲೇಬೇಕು. ಹಳೆಯ ಕಾಲದ ಟ್ಯಾಕ್ಸಿಗೂ ಉಬರ್, ಲಿಫ್ಟ್‌ಗಳಿಗೆ ಓಡುವ ಖಾಸಗಿ ಕಾರಿಗೂ ಈ ನಿಯಮ ಒಂದೇ. ಪಕ್ಕದ ಕ್ವಿಬೆಕ್ ಪ್ರಾಂತ್ಯದಲ್ಲಾದರೆ ಡಿಸೆಂಬರ್ 1ರಿಂದ ಮಾರ್ಚ್ 15ರವರೆಗೆ ಸ್ವಂತ ಕಾರುಗಳಿಗೂ ಹಿಮದ ಟೈರು ಕಡ್ಡಾಯ. ಒಂಟಾರಿಯೊದಲ್ಲಿ ಸ್ವಂತ ಕಾರಿಗೆ ಅಂಥ ಕಟ್ಟುಪಾಡಿಲ್ಲ. ಹಾಗಾಗಿ ನಿನ್ನೆಯವರೆಗೆ ಮನೆಬಳಕೆಯಲ್ಲಿದ್ದ ಕಾರನ್ನು ಇಂದು ಬಾಡಿಗೆಗೆ ಇಳಿಸುವವನು ಮೊದಲು ಗಮನಿಸಬೇಕಾದದ್ದು ಟೈರನ್ನು.

ಕೆನಡಾಕ್ಕೆ ಬರುವ ನಮ್ಮವರಲ್ಲಿ ಅನೇಕರಿಗೆ ಆ್ಯಪ್‌ನ ಕಾರು ಮೊದಲ ದುಡಿಮೆ, ಇಲ್ಲವೇ ಸಂಬಳ ಸಾಲದಾದಾಗಿನ ಎರಡನೆಯ ದುಡಿಮೆ. ನಾನೂ ಕೆಲವು ಚಳಿಗಾಲಗಳ ಸಂಜೆಗಳನ್ನು ಇದರಲ್ಲಿ ಕಳೆದಿದ್ದೇನೆ. ಊರಿನಿಂದ ಯಾರೇ ವಿಚಾರಿಸಿದರೂ ಕೇಳುವ ಪ್ರಶ್ನೆ ಒಂದೇ: ‘ಹಿಮದಲ್ಲಿ ಗಾಡಿ ಓಡಿಸುವುದು ಅಷ್ಟು ಕಷ್ಟವೇ?’ ಹಿಮದಲ್ಲಿ ಓಡಿಸುವುದನ್ನು ಕಲಿಯಬಹುದು. ಆದರೆ ರಸ್ತೆ ಕೆಟ್ಟಷ್ಟೂ ಬಾಡಿಗೆ ಏರುವ ಲೆಕ್ಕಾಚಾರದ ನಡುವೆ ವಿವೇಕ ಕಾಯ್ದುಕೊಳ್ಳುವುದು ಅದಕ್ಕಿಂತ ಕಷ್ಟ ಎಂಬುದು ನನ್ನ ಅನುಭವ.

ಮೊದಲು ಟೈರಿನ ವಿಷಯವನ್ನೇ ಮುಗಿಸೋಣ. ಹೊಸಬರು ಇಲ್ಲಿ ಎರಡು ಹೆಸರುಗಳ ನಡುವೆ ಗೊಂದಲಗೊಳ್ಳುತ್ತಾರೆ. ‘ಆಲ್ ಸೀಸನ್’ ಬೇರೆ, ‘ಆಲ್ ವೆದರ್’ ಬೇರೆ. ಸಾಮಾನ್ಯವಾಗಿ ಕಾರಿನ ಜೊತೆಗೇ ಬರುವುದು ಆಲ್ ಸೀಸನ್. ಹೆಸರಿನಲ್ಲಿ ಎಲ್ಲ ಋತುಗಳೂ ಇದ್ದರೂ ಉಷ್ಣತೆ 7 ಡಿಗ್ರಿ ಸೆಲ್ಸಿಯಸ್‌ಗಿಂತ ಕೆಳಗಿಳಿದರೆ ಅದರ ರಬ್ಬರು ಗಡುಸಾಗುತ್ತ ಹೋಗಿ ರಸ್ತೆಯ ಮೇಲಿನ ಹಿಡಿತ ಸಡಿಲವಾಗುತ್ತದೆ. ಹಿಮದ ಟೈರಿನ ರಬ್ಬರು ಚಳಿಯಲ್ಲೂ ಮೃದುವಾಗಿಯೇ ಇರುತ್ತದೆ. ಮೂರು ಶಿಖರಗಳ ಪರ್ವತ, ಅದರೊಳಗೊಂದು ಹಿಮದ ಹರಳು: ಈ ಚಿಹ್ನೆ ಟೈರಿನ ಬದಿಯಲ್ಲಿದ್ದರೆ ಅದು ಹಿಮಕ್ಕೆ ಪರೀಕ್ಷೆಗೊಂಡ ಟೈರು. ಆಲ್ ವೆದರ್ ಟೈರಿಗೂ ಈ ಚಿಹ್ನೆ ಇರುತ್ತದೆ. ಸೆಕೆಂಡ್ ಹ್ಯಾಂಡ್ ಕಾರು ಕೊಳ್ಳುವಾಗ ಮಾರುವವನ ಮಾತಿಗಿಂತ ಈ ಚಿಹ್ನೆಯನ್ನು ನಂಬುವುದು ಮೇಲು. ಹಿಮದ ಟೈರು ಹಾಕಿಸಿದವರಿಗೆ ವಿಮಾ ಕಂತಿನಲ್ಲಿ ರಿಯಾಯಿತಿ ನೀಡಬೇಕೆಂಬ ನಿಯಮ ಒಂಟಾರಿಯೊದಲ್ಲಿ 2016ರಿಂದ ಜಾರಿಯಲ್ಲಿದೆ. ಎಷ್ಟೋ ಮಂದಿ ಅದನ್ನು ಕೇಳಿ ಪಡೆಯುವುದೇ ಇಲ್ಲ.

ಇನ್ನು ರಸ್ತೆ. ಭಾರತದಲ್ಲಿ ಎರಡು ವರ್ಷಕ್ಕಿಂತ ಹೆಚ್ಚು ಕಾಲ ವಾಹನ ಓಡಿಸಿದ ಅನುಭವಕ್ಕೆ ಅಧಿಕೃತ ಪತ್ರ ತಂದವರು, ಲಿಖಿತ ಪರೀಕ್ಷೆ ಮತ್ತು ಕಣ್ಣಿನ ಪರೀಕ್ಷೆಯಲ್ಲಿ ತೇರ್ಗಡೆಯಾದರೆ, ನೇರವಾಗಿ ಪೂರ್ಣ ‘ಜಿ’ ಪರವಾನಗಿಯ ರಸ್ತೆ ಪರೀಕ್ಷೆಗೆ ಹಾಜರಾಗಬಹುದು. ಇದು ದೊಡ್ಡ ಅನುಕೂಲ. ಆದರೆ ಜುಲೈ ತಿಂಗಳ ಬಿಸಿಲಿನಲ್ಲಿ ಪರೀಕ್ಷೆ ಕೊಟ್ಟು ಪರವಾನಗಿ ಪಡೆದವನು ಹಿಮವನ್ನು ಕಣ್ಣಿನಿಂದಲೂ ನೋಡಿರಬೇಕಾಗಿಲ್ಲ. ಚಾರ್ಮಾಡಿ, ಶಿರಾಡಿ ಘಾಟಿಗಳಲ್ಲಿ ಓಡಿಸಿದವರಿಗೆ ಮಂಜಿನಲ್ಲಿ ತಾಳ್ಮೆಯಿಂದ ಸಾಗುವುದು ಗೊತ್ತಿರುತ್ತದೆ. ಮೊದಲ ಮಳೆಗೆ ಡಾಂಬರು ಹೇಗೆ ಜಾರುತ್ತದೆ ಎಂಬುದೂ ಗೊತ್ತಿರುತ್ತದೆ. ಆ ತಿಳಿವಳಿಕೆ ಇಲ್ಲಿಯೂ ಕೆಲಸಕ್ಕೆ ಬರುತ್ತದೆ. ಬಾರದೆ ಹೋಗುವುದು ‘ಬ್ಲ್ಯಾಕ್ ಐಸ್’ ಎದುರಾದಾಗ. ಕರಗಿದ ನೀರು ರಾತ್ರಿ ಮತ್ತೆ ಹೆಪ್ಪುಗಟ್ಟಿ ಗಾಜಿನಂಥ ತೆಳುಪದರವಾಗುತ್ತದೆ. ಅದರಡಿಯ ಡಾಂಬರು ಕಪ್ಪಗೆ ಕಾಣುವುದರಿಂದ ರಸ್ತೆ ಕೇವಲ ಒದ್ದೆಯಾಗಿದೆ ಎನಿಸುತ್ತದೆ. ಸೇತುವೆಗಳ ಕೆಳಗೂ ತಣ್ಣನೆಯ ಗಾಳಿ ಆಡುವುದರಿಂದ ಅವು ಉಳಿದ ರಸ್ತೆಗಿಂತ ಮೊದಲೇ ಹೆಪ್ಪುಗಟ್ಟುತ್ತವೆ. ಸರೋವರದ ಬದಿಯಲ್ಲಿ ಕಂಬಗಳ ಮೇಲೆ ಹಾದುಹೋಗುವ ಗಾರ್ಡಿನರ್ ಹೆದ್ದಾರಿಯ ಭಾಗಗಳಲ್ಲಿ ಇದನ್ನು ಸದಾ ನೆನಪಿನಲ್ಲಿಡಬೇಕು. ನಗರದ ನಡುವೆ ಟ್ರಾಮ್ ಹಳಿಗಳಿವೆ. ಒದ್ದೆಯಾದ ಉಕ್ಕಿನ ಮೇಲೆ ತಿರುವು ತೆಗೆದುಕೊಳ್ಳುತ್ತ ಬ್ರೇಕು ಒತ್ತುವುದು ಜಾರುವುದಕ್ಕೆ ನಾವೇ ಕೊಡುವ ಆಹ್ವಾನ. ರಸ್ತೆಗೆ ಉಪ್ಪು ಹಾಕುತ್ತಾರೆ, ನಿಜ. ಆದರೆ ಉಷ್ಣತೆ ಸೊನ್ನೆಗಿಂತ ಬಹಳ ಕೆಳಗಿಳಿದಂತೆ ಉಪ್ಪಿನ ಶಕ್ತಿಯೂ ಕುಗ್ಗುತ್ತದೆ. ಅತಿ ಚಳಿಯ ರಾತ್ರಿ, ಉಪ್ಪು ಬಿದ್ದಿದೆ ಎಂಬ ಧೈರ್ಯ ಸಲ್ಲದು.

ಬಾಡಿಗೆ ಚಾಲಕನ ಕಷ್ಟ ಸ್ವಂತ ಕಾರಿನವನದಕ್ಕಿಂತ ಭಿನ್ನ. ಅವನು ಹತ್ತು ನಿಮಿಷಕ್ಕೊಮ್ಮೆ ನಿಲ್ಲಬೇಕು. 2025ರ ಫೆಬ್ರುವರಿಯಲ್ಲಿ ಒಂದರ ಹಿಂದೊಂದರಂತೆ ಬಂದ ಬಿರುಗಾಳಿಗಳಲ್ಲಿ ಕೆಲವೇ ದಿನಗಳ ಅಂತರದಲ್ಲಿ ಸುಮಾರು ಅರ್ಧ ಮೀಟರ್ ಹಿಮ ಬಿತ್ತು. ಪಿಯರ್ಸನ್ ವಿಮಾನ ನಿಲ್ದಾಣದಲ್ಲಿ ಡೆಲ್ಟಾ ಸಂಸ್ಥೆಯ ವಿಮಾನವೊಂದು ಇಳಿಯುವಾಗ ಮಗುಚಿದ್ದು ಆ ದಿನಗಳಲ್ಲೇ, ಊರಿನ ಟಿ.ವಿ.ಯಲ್ಲೂ ನೀವು ನೋಡಿರುತ್ತೀರಿ. ಆಗ ರಸ್ತೆಯ ಬದಿಯಲ್ಲಿ ಎದೆಮಟ್ಟದ ಹಿಮದ ದಿಬ್ಬಗಳು ಬಹಳ ದಿನ ಹಾಗೆಯೇ ಉಳಿದವು. ಪ್ರಯಾಣಿಕನನ್ನು ಎಲ್ಲಿ ಇಳಿಸುವುದು? ಬದಿಯಲ್ಲಿ ಜಾಗವಿಲ್ಲ, ನಡುರಸ್ತೆಯಲ್ಲಿ ನಿಂತರೆ ಹಿಂದಿನವನಿಗೆ ಬ್ರೇಕು ಹತ್ತುತ್ತದೆಯೋ ಇಲ್ಲವೋ ತಿಳಿಯದು. ಆ್ಯಪ್ ತೋರಿಸುವ ಗುರುತು ದಿಬ್ಬದ ನಡುವೆ ಇದ್ದರೆ ಮುಂದಿನ ಪೆಟ್ರೋಲ್ ಬಂಕೋ ಅಂಗಡಿಯ ಆವರಣವೋ ಸಿಗುವವರೆಗೆ ಹೋಗಿ ಇಳಿಸುವುದೇ ಸರಿ. ಪ್ರಯಾಣಿಕ ಗೊಣಗಬಹುದು, ನಕ್ಷತ್ರ ಕಡಿಮೆ ಕೊಡಬಹುದು, ಕೊಡಲಿ.

ಈಗ ಹಣದ ವಿಷಯಕ್ಕೆ ಬರುತ್ತೇನೆ. ಒಂಟಾರಿಯೊದ ಡಿಜಿಟಲ್ ವೇದಿಕೆ ಕೆಲಸಗಾರರ ಹಕ್ಕುಗಳ ಕಾಯ್ದೆ 2022ರಲ್ಲೇ ಅಂಗೀಕಾರವಾದರೂ ಜಾರಿಗೆ ಬಂದದ್ದು 2025ರ ಜುಲೈ 1ರಂದು. ಅದರಂತೆ ಆ್ಯಪ್ ಚಾಲಕನಿಗೂ ಕನಿಷ್ಠ ವೇತನ ಸಲ್ಲಬೇಕು. 2025ರ ಅಕ್ಟೋಬರ್ 1ರಂದು ಆ ದರ ಗಂಟೆಗೆ 17.60 ಡಾಲರ್ ಆಯಿತು. ಆದರೆ ಲೆಕ್ಕಕ್ಕೆ ಬರುವುದು ಸವಾರಿಯನ್ನು ಒಪ್ಪಿಕೊಂಡ ಕ್ಷಣದಿಂದ ಮುಗಿಸುವವರೆಗಿನ ಹೊತ್ತು ಮಾತ್ರ. ಎರಡು ಸವಾರಿಗಳ ನಡುವೆ ಕಾರಿನಲ್ಲಿ ಚಳಿ ಕಾಯುತ್ತ ಕುಳಿತ ಸಮಯಕ್ಕೆ ಕಾಸಿಲ್ಲ. ಟೈರು, ಪೆಟ್ರೋಲು, ಉಪ್ಪು ತಿಂದ ಕಾರಿನ ತುಕ್ಕು ಎಲ್ಲವೂ ಚಾಲಕನದೇ. ಹಿಮದ ದಿನ ನಿಧಾನವಾಗಿ ಓಡಿಸಿದರೆ ಮುಗಿಸುವ ಸವಾರಿಗಳ ಸಂಖ್ಯೆ ಇಳಿಯುತ್ತದೆ. ಇದೇ ಹೊತ್ತಿಗೆ ಬೇಡಿಕೆ ಹೆಚ್ಚಿ, ನಕ್ಷೆಯ ಮೇಲೆ ಬಣ್ಣ ಗಾಢವಾಗಿ, ಬಾಡಿಗೆ ಒಂದೂವರೆ ಪಟ್ಟು, ಎರಡು ಪಟ್ಟು ಎಂದು ಏರುತ್ತದೆ. ಸುರಕ್ಷತೆಯ ಕೈಪಿಡಿ ‘ಮನೆಯಲ್ಲಿರು’ ಎನ್ನುವ ಹೊತ್ತಿನಲ್ಲೇ ಕೈಯಲ್ಲಿರುವ ಫೋನು ‘ಹೊರಗೆ ಬಾ’ ಎನ್ನುತ್ತದೆ. ಚಾಲಕ ಸ್ವತಂತ್ರ, ಬೇಡವೆಂದರೆ ಸವಾರಿ ನಿರಾಕರಿಸಬಹುದು ಎಂಬುದು ಕಂಪನಿಗಳ ವಾದ. ಕಾರಿನ ಸಾಲದ ಕಂತು ತಿಂಗಳ ಮೊದಲ ವಾರಕ್ಕೆ ನಿಂತಿರುವವನ ಪಾಲಿಗೆ ಆ ಸ್ವಾತಂತ್ರ್ಯ ಬಹುಮಟ್ಟಿಗೆ ಕಾಗದದ್ದು.

ಹಾಗೆಂದು ಏರುಬಾಡಿಗೆಯನ್ನೇ ನಿಷೇಧಿಸಬೇಕು ಎನ್ನುವವರ ಜೊತೆ ನಾನಿಲ್ಲ. ಬಿರುಗಾಳಿಯ ರಾತ್ರಿಯಲ್ಲೂ ದಾದಿಯರು ಆಸ್ಪತ್ರೆಗೆ ಹೋಗಬೇಕು, ರೋಗಿಗಳು ಡಯಾಲಿಸಿಸ್ ಮುಗಿಸಿ ಮನೆಗೆ ಮರಳಬೇಕು. ಹೆಚ್ಚಿನ ಹಣವಿಲ್ಲದಿದ್ದರೆ ಆ ರಾತ್ರಿ ಕಾರುಗಳೇ ಇರಲಾರವು. ನನ್ನ ಆಕ್ಷೇಪ ಇರುವುದು ಹಣದ ಮೊತ್ತಕ್ಕಲ್ಲ, ಅದು ಅವಸರಕ್ಕೆ ಸಲ್ಲುತ್ತಿರುವುದಕ್ಕೆ. ಕೆನಡಾದ ಪರಿಸರ ಇಲಾಖೆ 2025ರ ನವೆಂಬರ್‌ನಿಂದ ಹವಾಮಾನ ಎಚ್ಚರಿಕೆಗಳಿಗೆ ಹಳದಿ, ಕಿತ್ತಳೆ, ಕೆಂಪು ಬಣ್ಣಗಳನ್ನು ಬಳಸತೊಡಗಿದೆ. ಕರಾವಳಿಯ ಮಳೆಗಾಲ ಕಂಡ ನಮಗೆ ಈ ಬಣ್ಣಗಳು ಹೊಸವಲ್ಲ. ಕಿತ್ತಳೆ, ಕೆಂಪು ಎಚ್ಚರಿಕೆಯ ದಿನಗಳಲ್ಲಾದರೂ ಕಾಯುವ ಸಮಯವನ್ನೂ ವೇತನದ ಲೆಕ್ಕಕ್ಕೆ ಸೇರಿಸಿದರೆ, ಒಂದು ಸವಾರಿ ಮುಗಿಸಿದವನು ಇನ್ನೊಂದನ್ನು ಹಿಡಿಯಲು ಜಾರುವ ರಸ್ತೆಯಲ್ಲಿ ಓಡಬೇಕಾಗಿಲ್ಲ.

ನಗರವು ಚಾಲಕರ ಸಿದ್ಧತೆಯನ್ನು ಕಡೆಗಣಿಸಿ ಬೆಲೆ ತೆತ್ತ ಉದಾಹರಣೆಯೂ ಇದೆ. 2016ರಲ್ಲಿ ಆ್ಯಪ್ ಕಾರುಗಳಿಗೆ ಕಾನೂನಿನ ಮಾನ್ಯತೆ ಕೊಟ್ಟಾಗ, ಟ್ಯಾಕ್ಸಿ ಚಾಲಕರಿಗೆ ಮೊದಲಿನಿಂದ ಇದ್ದ ಕಡ್ಡಾಯ ತರಬೇತಿಯನ್ನು ಟೊರಾಂಟೊ ಕೈಬಿಟ್ಟಿತು. 2018ರಲ್ಲಿ ಗಾರ್ಡಿನರ್ ಹೆದ್ದಾರಿಯ ಅಂಚಿನಲ್ಲಿ ನಿಲ್ಲಿಸಿದ್ದ ಆ್ಯಪ್ ಕಾರೊಂದು ಅಪಘಾತಕ್ಕೀಡಾಗಿ ಯುವ ಪ್ರಯಾಣಿಕರೊಬ್ಬರು ಮೃತಪಟ್ಟರು. ಅವರ ಕುಟುಂಬದ ಹೋರಾಟದ ಬಳಿಕವೇ ತರಬೇತಿ ಮತ್ತೆ ಕಡ್ಡಾಯವಾಯಿತು.

ಊರಿನ ಓದುಗರಿಗೆ ಅಚ್ಚರಿಯೆನಿಸುವ ಸಂಗತಿ ವಿಮೆಯದು. ಒಂಟಾರಿಯೊದಲ್ಲಿ ಅಪಘಾತದ ತಪ್ಪು ಯಾರದೆಂದು ವಿಮಾ ಕಂಪನಿಗಳು ತೀರ್ಮಾನಿಸುವುದು 668ನೇ ನಿಯಮಾವಳಿಯ ಪ್ರಕಾರ. ಹವೆ, ರಸ್ತೆಯ ಸ್ಥಿತಿ, ಗೋಚರತೆ ಇವನ್ನು ಪರಿಗಣಿಸದೆಯೇ ತಪ್ಪಿನ ಪ್ರಮಾಣ ನಿರ್ಧರಿಸಬೇಕೆಂದು ಅದರಲ್ಲಿ ಸ್ಪಷ್ಟವಾಗಿದೆ. ಅದೇ ಸಾಲಿನಲ್ಲಿ ಸಾಗುತ್ತಿದ್ದ ಮುಂದಿನ ಕಾರಿಗೆ ಹಿಂದಿನಿಂದ ಡಿಕ್ಕಿ ಹೊಡೆದರೆ ಹಿಂದಿನವನದೇ ಪೂರ್ತಿ ತಪ್ಪು. ‘ಸ್ವಾಮಿ, ಮಂಜುಗಡ್ಡೆ ಇತ್ತು, ಬ್ರೇಕು ಹಿಡಿಯಲಿಲ್ಲ’ ಎಂಬ ಮಾತಿಗೆ ಇಲ್ಲಿ ಬೆಲೆಯಿಲ್ಲ. ಅಂಥ ಒಂದು ಡಿಕ್ಕಿಯಿಂದ ವಿಮಾ ಕಂತು ವರ್ಷಗಟ್ಟಲೆ ಏರಬಹುದು. ಬಿರುಗಾಳಿಯ ಒಂದು ರಾತ್ರಿಯ ಏರುಬಾಡಿಗೆ ಅದರ ಮುಂದೆ ಯಾವ ಲೆಕ್ಕ? ಇದಲ್ಲದೆ ಕಾರನ್ನು ಆ್ಯಪ್‌ಗೆ ಓಡಿಸುತ್ತಿರುವುದನ್ನು ಸ್ವಂತ ವಿಮಾ ಕಂಪನಿಗೆ ತಿಳಿಸದೆ ಇದ್ದರೆ ಪರಿಹಾರವೇ ಕೈತಪ್ಪುವ ಅಪಾಯವಿದೆ. ಅಂತೂ ಚಳಿಗಾಲದ ಹೊರೆಯನ್ನೆಲ್ಲ ಕಾನೂನು ಚಾಲಕನ ಹೆಗಲಿಗೇ ಹಾಕಿದೆ. ಇದು ಅನ್ಯಾಯವೆನಿಸಿದರೂ, ಮುಂದಿನ ಕಾರಿಗೂ ತನಗೂ ನಡುವಿನ ಅಂತರವನ್ನು ಬೇಸಿಗೆಯದಕ್ಕಿಂತ ಎರಡು ಮೂರು ಪಟ್ಟು ಹೆಚ್ಚಿಸಿಕೊಳ್ಳುವುದು ಮಾತ್ರ ಅವನ ಕೈಯಲ್ಲಿದೆ.

ಅಮ್ಮಂದಿರು ಕೇಳದೇ ಇರುವ, ಆದರೆ ತಿಳಿದಿರಬೇಕಾದ ಇನ್ನೊಂದು ಅಪಾಯವಿದೆ. ಸವಾರಿಗಾಗಿ ಕಾಯುವಾಗ ಎಂಜಿನ್ ಚಾಲೂ ಇಟ್ಟು ಹೀಟರಿನ ಬೆಚ್ಚಗೆ ಕಣ್ಣುಮುಚ್ಚುವ ಚಾಲಕರಿದ್ದಾರೆ. ಹಿಂಬದಿಯ ಹೊಗೆಕೊಳವೆಯನ್ನು ಹಿಮ ಮುಚ್ಚಿದರೆ ಬಣ್ಣವಿಲ್ಲದ, ವಾಸನೆಯಿಲ್ಲದ ಕಾರ್ಬನ್ ಮೊನಾಕ್ಸೈಡ್ ಕಾರಿನೊಳಗೆ ತುಂಬಿಕೊಳ್ಳುತ್ತದೆ. ನಿದ್ದೆಯಲ್ಲಿರುವವನಿಗೆ ಅದು ತಿಳಿಯುವುದಿಲ್ಲ. ಕಾರಿನಲ್ಲಿ ಒಂದು ಸಣ್ಣ ಸಲಿಕೆ, ಕಂಬಳಿ, ಮೈನಸ್ 40 ಡಿಗ್ರಿಯಲ್ಲೂ ಹೆಪ್ಪುಗಟ್ಟದ ಗಾಜು ತೊಳೆಯುವ ದ್ರವ, ಅರ್ಧಕ್ಕಿಂತ ಕಡಿಮೆಯಾಗದ ಪೆಟ್ರೋಲು: ಇಷ್ಟಿದ್ದರೆ ಹೆದ್ದಾರಿಯಲ್ಲಿ ಗಂಟೆಗಟ್ಟಲೆ ಸಿಲುಕಿದರೂ ನಿಭಾಯಿಸಬಹುದು. ಊರಿನ ಅಭ್ಯಾಸದಂತೆ ಗಾಜಿಗೆ ಬರೀ ನೀರು ತುಂಬಿದರೆ ಅದು ಕೊಳವೆಯಲ್ಲೇ ಕಲ್ಲಾಗುತ್ತದೆ.

ಕೊನೆಯದಾಗಿ ಮನೆಯವರಿಗೆ ಒಂದು ವಿನಂತಿ. ಚಳಿಗಾಲದಲ್ಲಿ ಭಾರತದ ಗಡಿಯಾರ ಟೊರಾಂಟೊಗಿಂತ ಹತ್ತೂವರೆ ಗಂಟೆ ಮುಂದಿರುತ್ತದೆ. ಊರಿನಲ್ಲಿ ದೀಪ ಹಚ್ಚಿ, ಕಾಫಿ ಮುಗಿಸಿ, ‘ಮಗನಿಗೆ ಒಂದು ಫೋನು ಮಾಡೋಣ’ ಎಂದು ಕೂರುವ ಸಂಜೆ ಆರೂವರೆಗೆ ಇಲ್ಲಿ ಬೆಳಗಿನ ಎಂಟು ಗಂಟೆ. 401 ಹೆದ್ದಾರಿಯಲ್ಲಿ ಗಾಡಿಗಳು ಒತ್ತೊತ್ತಾಗಿ ಸಾಗುವ ಹೊತ್ತು. ಕೈಯಲ್ಲಿ ಫೋನು ಹಿಡಿದು ಮಾತಾಡಿ ಸಿಕ್ಕಿಬಿದ್ದರೆ ಮೊದಲ ಬಾರಿಗೇ 615ರಿಂದ 1,000 ಡಾಲರ್‌ವರೆಗೆ ದಂಡ, ಮೂರು ದಿನ ಪರವಾನಗಿ ಅಮಾನತು. ಕೈಯಲ್ಲಿ ಹಿಡಿಯದೆ ಮಾತಾಡಲು ಕಾನೂನು ಅಡ್ಡಿಪಡಿಸುವುದಿಲ್ಲ, ಆದರೆ ಮಂಜುಗಡ್ಡೆಯ ಮೇಲೆ ಮನಸ್ಸು ಎರಡು ಕಡೆ ಇರಬಾರದು. ಅಲ್ಲಿ ಊಟ ಮುಗಿದು ರಾತ್ರಿ ಒಂಬತ್ತೂವರೆಯಾದಾಗ ಇಲ್ಲಿ ಬೆಳಗಿನ ಹನ್ನೊಂದು. ಆಗ ದಟ್ಟಣೆ ಇಳಿದಿರುತ್ತದೆ, ಚಾಲಕ ಎಲ್ಲಾದರೂ ಕಾಫಿ ಅಂಗಡಿಯ ಮುಂದೆ ಕಾರು ನಿಲ್ಲಿಸಿರುತ್ತಾನೆ. ಆ ಹೊತ್ತಿಗೆ ಮಾಡಿ.